ತವರಿಗೆ ಬೆನ್ನು ಹಾಕಿದ ಮಂಚ

ಮೂರು ದಿನದ ಚೀಟಿ! ಈ ಊರಿನಲ್ಲಿ ಹುಟ್ಟಿ, ಈ ಊರಿನ ಬಾವಿ ನೀರು ಕುಡಿದು, ಇಲ್ಲಿಯ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದ ನನ್ನ ಸ್ವಂತ ತಂಗಿಗೆ ಸುಂಕದ ಕಟ್ಟೆಯವರು ಕೊಟ್ಟದ್ದು ಮೂರು ದಿನದ ಚೀಟಿ. ಹಳದಿ ಕಾಗದ, ಅದರ ಮೇಲೊಂದು ನೇರಳೆ ಮುದ್ರೆ, ಕೆಳಗೆ ‘ಮಂಚ ಪರದೇಶದ್ದು, ಆದ್ದರಿಂದ ವ್ಯಕ್ತಿ ಪರದೇಶದವರು’ ಎಂಬ ಒಂದು ಸಾಲು. ಅದನ್ನು ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಆ ಚೀಟಿ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ಓದುತ್ತೇನೆ, ಓದಿದಾಗೆಲ್ಲ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂಬುದು ಮಾತ್ರ ಈಗ ಬದಲಾಗಿದೆ.

ನಾನು ನೀಲಕಂಠಾಚಾರಿ. ನಲವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ಗಡಿಯಾಚೆಯಿಂದ ತೇಗ, ಬೀಟೆಯ ದಿಮ್ಮಿ ತರಿಸುತ್ತೇನೆ. ಮಂಚ, ಕುರ್ಚಿ, ಬೀರು ಮಾಡಿ ಇಲ್ಲಿ ಮಾರುತ್ತೇನೆ, ಮೊದಲು ಆಚೆಗೂ ಕಳಿಸುತ್ತಿದ್ದೆ. ನಮ್ಮೂರಿನ ಪೂರ್ವಕ್ಕೆ ಒಂದು ಗೇಟು, ಗೇಟಿನಾಚೆ ಬೇರೆ ದೇಶ. ಪರದೇಶದ ಮರ ತನ್ನ ನೆಲದ ಕಡೆಗೆ ತಿರುಗುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಸಂಜೆ ಉತ್ತರಕ್ಕೆ ಮುಖ ಮಾಡಿ ಇಟ್ಟ ಕುರ್ಚಿ ಬೆಳಗ್ಗೆ ನೋಡಿದರೆ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತದೆ. ಸಿಮೆಂಟಿನಲ್ಲಿ ಹೂತು ಬಿಗಿದರೆ ಸೀಳಿಹೋಗುತ್ತದೆ. ಹಾಗಾಗಿ ಜನ ಹೊಂದಿಕೊಂಡಿದ್ದಾರೆ. ಶಾಲೆಯವರು ಬೆಂಚಿನ ಸಹವಾಸ ಬೇಡವೆಂದು ಕರಿಹಲಗೆಯನ್ನೇ ಪೂರ್ವದ ಗೋಡೆಗೆ ಹೊಡೆಸಿದರು. ಕ್ಷೌರದಂಗಡಿಯವನು ಕನ್ನಡಿಯ ಜಾಗ ಬದಲಾಯಿಸಿದ. ಮೂರು ದೇಶದ ಮರದ ಕುರ್ಚಿ ತರಿಸಿಕೊಂಡ ಹೋಟೆಲಿನವನೊಬ್ಬ ಮಾತ್ರ ದಿನಾ ಬೆಳಗ್ಗೆ ಎಲ್ಲವನ್ನೂ ಎಳೆದು ಸಾಲಾಗಿ ನಿಲ್ಲಿಸುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಿರಾಕಿಗಳು ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿರುತ್ತಾರೆ. ಅದೆಲ್ಲ ಸರಿ. ಅದು ಮರದ ಸ್ವಭಾವ, ಮರಕ್ಕೆ ಬೈದು ಪ್ರಯೋಜನವಿಲ್ಲ. ಆದರೆ ಅದನ್ನೇ ಹಿಡಿದುಕೊಂಡು ಮನುಷ್ಯರನ್ನು ಅಳೆಯಲು ಹೊರಟರಲ್ಲ, ಆ ಸುಂಕದ ಕಟ್ಟೆಯವರಿಗೆ ಏನನ್ನಬೇಕು?

ಗೇಟಿನ ಪಕ್ಕದಲ್ಲಿ ಒಂದು ಕಲ್ಲಿನ ತೊಟ್ಟಿಯಿದೆ, ನಡುಮನೆಯಷ್ಟು ಅಗಲ. ಆಚೆಯಿಂದ ಬರುವ ಮರದ ಸಾಮಾನನ್ನೆಲ್ಲ ಅದರಲ್ಲಿ ತೇಲಿಬಿಡುತ್ತಾರೆ. ನೀರಿನಲ್ಲಿ ಮರ ಬೇಗ ತಿರುಗುತ್ತದೆ. ಒಂದು ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಯಾವ ಕಡೆಯದೆಂದು ಗೊತ್ತಾಗುತ್ತದೆ. ದಿಮ್ಮಿಗೆ, ಬೀರುವಿಗೆ ಇದು ನ್ಯಾಯವೇ. ಆದರೆ ಕಾನೂನು ಅಲ್ಲಿಗೆ ನಿಲ್ಲಲಿಲ್ಲ. ಈ ಊರಿನಲ್ಲಿ ನೆಲೆ ನಿಲ್ಲಲು ಬರುವವರು ತಾವು ಮಲಗುವ ಮಂಚವನ್ನು ಜೊತೆಗೆ ತರಬೇಕು. ಮಂಚ ಯಾವ ಕಡೆಗೆ ತಿರುಗುತ್ತದೋ ಮನುಷ್ಯರೂ ಆ ಕಡೆಯವರು. ಚಾಪೆಯ ಮೇಲೆ ಮಲಗುವವರು ಏನು ಮಾಡಬೇಕು ಎಂದು ನಾನೊಮ್ಮೆ ಕೇಳಿದ್ದೆ. ಅಂಥವರಿಗೆ ಬೇರೆ ಅರ್ಜಿ ನಮೂನೆ ಇದೆ ಅಂದರು. ಆ ನಮೂನೆ ಹನ್ನೊಂದು ವರ್ಷದಿಂದ ಅಚ್ಚಾಗಿ ಬಂದಿಲ್ಲವಂತೆ!

ದಾಕ್ಷಾಯಣಿ ನನ್ನ ಒಬ್ಬಳೇ ತಂಗಿ, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಇಪ್ಪತ್ತೆರಡು ವರ್ಷದ ಹಿಂದೆ ಆಚೆಯ ದೇಶದ ತಿಪ್ಪಣ್ಣನನ್ನು ಮದುವೆಯಾಗಿ ಹೋದಳು. ತಿಪ್ಪಣ್ಣ ನನ್ನ ಅಂಗಡಿಗೇ ದಿಮ್ಮಿ ತರುತ್ತಿದ್ದ ಲಾರಿಯ ಡ್ರೈವರು. ಹೋದವಳು ಒಮ್ಮೆಯೂ ಬರಲಿಲ್ಲ, ನಾನೂ ಕರೆಯಲಿಲ್ಲ. ಕಳೆದ ಚಳಿಗಾಲದಲ್ಲಿ ತಿಪ್ಪಣ್ಣ ತೀರಿಕೊಂಡ. ಮಕ್ಕಳಿರಲಿಲ್ಲ. ಅವರಿದ್ದದ್ದು ಮರದ ಕಂಪನಿ ಕೊಟ್ಟ ಮನೆ, ಅದನ್ನು ಕಂಪನಿಯವರು ಖಾಲಿ ಮಾಡಿಸಿದರು. ‘ಅಣ್ಣ, ಬರಲಾ?’ ಎಂದು ಎರಡೇ ಪದದ ಕಾಗದ ಬಂತು. ನಾನು ಅದನ್ನು ಹಿಡಿದುಕೊಂಡು ಕೂತೇ ಇದ್ದೆ. ನನ್ನ ಹೆಂಡತಿ ಗಿರಿಜೆ ಕಿತ್ತುಕೊಂಡು ಅದರ ಹಿಂಬದಿಯಲ್ಲೇ ‘ಕೇಳೋದೇನಿದೆ, ಬಾ’ ಎಂದು ಬರೆದು ಅಂಚೆಗೆ ಹಾಕಿದಳು.

ಬಂದಳು. ಲಾರಿಯಿಂದ ಒಂದು ಟ್ರಂಕು, ಒಂದು ಹಾಸಿಗೆ, ಆಮೇಲೆ ಆ ಮಂಚ ಇಳಿಯಿತು. ಅವಳ ಮದುವೆಗೆಂದು ನಮ್ಮ ಹಿತ್ತಿಲ ಹೊನ್ನೆ ಮರ ಕಡಿದು ನನ್ನ ಕೈಯಾರೆ ಮಾಡಿದ ಮಂಚ. ತಪ್ಪೋ ಸರಿಯೋ, ನಾನು ತಂಗಿಯ ಮುಖಕ್ಕಿಂತ ಮೊದಲು ಮಂಚವನ್ನು ನೋಡಿದೆ. ನಾಲ್ಕು ಕಾಲುಗಳೂ ಕೆಳಗಡೆ ಎರಡೆರಡು ಬೆರಳು ಸವೆದುಹೋಗಿದ್ದವು. ತಲೆಯ ಕಡೆಯ ಎಡಮೂಲೆಯಲ್ಲಿ, ಅದಕ್ಕೆ ಎದುರಾಗಿ ಕಾಲ ಕಡೆಯ ಬಲಮೂಲೆಯಲ್ಲಿ, ಚೌಕಟ್ಟಿನ ಮರ ಕೈಯಾಡಿ ಕೈಯಾಡಿ ನುಣ್ಣಗೆ ಗುಳಿ ಬಿದ್ದಿತ್ತು. ನನಗೆ ರೇಗಿಹೋಯಿತು. ಯಾವ ಸೀಮೆಯ ಮನೆಯವರಪ್ಪಾ ಮಂಚವನ್ನು ಹೀಗೆ ಎಳೆದಾಡುವುದು!

"ದಾಕ್ಷಿ, ಮಂಚ ಅಂದ್ರೆ ಎಳೆದಾಡೋ ಸಾಮಾನಾ? ಕಾಲು ನೋಡು ಹೆಂಗಾಗಿದೆ!" ಅಂದೆ. ಇಪ್ಪತ್ತೆರಡು ವರ್ಷದ ಮೇಲೆ ಕಂಡ ತಂಗಿಗೆ ನಾನು ಆಡಿದ ಮೊದಲ ಮಾತು ಅದು. ಅವಳು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ತೊಟ್ಟಿಯ ಹತ್ತಿರ ಕೆಲಸಕ್ಕಿದ್ದವನು ಮೌನೇಶಿ. ಅವನೂ ಇನ್ನಿಬ್ಬರು ಆಳುಗಳೂ ಸೇರಿ ಮಂಚ ಎತ್ತಿ ನೀರಿಗೆ ಬಿಟ್ಟರು. ಸುಂಕದ ಅಧಿಕಾರಿ ಗುರುಸಿದ್ಧಯ್ಯ ಕೊಡೆ ಹಿಡಿದು ನಿಂತಿದ್ದರು. ನಾನು ಎದೆಯುಬ್ಬಿಸಿಕೊಂಡು ನಿಂತಿದ್ದೆ. ಮಂಚ ಒಂದು ಸುತ್ತು ತೇಲಿತು, ಪಶ್ಚಿಮದ ಕಡೆಗೆ, ಅಂದರೆ ನಮ್ಮ ಮನೆಯ ಕಡೆಗೆ ಬಂತು, ನಿಲ್ಲಲಿಲ್ಲ. ಹಾಗೇ ತಿರುಗಿಕೊಂಡು ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತುಬಿಟ್ಟಿತು. ಮತ್ತೆ ಎರಡು ಸಲ ಬಿಟ್ಟರು. ಎರಡು ಸಲವೂ ಅಷ್ಟೇ. ನೋಡುತ್ತಿದ್ದವರು ‘ಅಯ್ಯೋ’ ಅಂದರು.

"ಸಾಹೇಬ್ರೇ, ಇದು ನಮ್ಮ ಹಿತ್ತಿಲ ಮರ. ಬೊಡ್ಡೆ ಇನ್ನೂ ಅಲ್ಲೇ ಇದೆ, ಬಂದು ನೋಡಿ!"

"ತೊಟ್ಟಿ ಹಾಗೆ ಹೇಳ್ತಿಲ್ವಲ್ಲ ಆಚಾರ್ರೇ."

"ತೊಟ್ಟಿಗೇನ್ರೀ ಗೊತ್ತು? ಮಾಡಿದವನು ನಾನು!"

ಗುರುಸಿದ್ಧಯ್ಯ ಕನ್ನಡಕ ಹಾಕಿಕೊಂಡು ಬಗ್ಗಿ, ಮಂಚದ ತಲೆಹಲಗೆಯ ಮೇಲೆ ನಾನು ಕೆತ್ತಿದ ಮೂರೆಲೆಯ ಗುರುತನ್ನು ನೋಡಿದರು. "ಹೌದು, ನಿಮ್ಮದೇ ಗುರುತು. ಅದೇ ಈಗ ತೊಂದರೆ ಆಗಿರೋದು. ಬೇರೆ ಯಾರಾದ್ರೂ ಮಾಡಿದ ಮಂಚ ಆಗಿದ್ರೆ ಕಾಲು ತಲೆಕೆಳಗೆ ಕೂರಿಸಿರಬಹುದು ಅಂತ ಬಿಚ್ಚಿಸಿ ನೋಡ್ತಿದ್ದೆ. ನೀಲಕಂಠಾಚಾರ್ರ ಕೈಯಲ್ಲಿ ಅಂಥ ತಪ್ಪು ಆಗುತ್ತಾ? ಅಂದ ಮೇಲೆ ಮರವೇ ಆಚೆಯದು. ಎಲ್ಲೋ ಮಂಚ ಅದಲುಬದಲಾಗಿದೆ, ಗುರುತನ್ನ ಯಾರೋ ನಕಲು ಮಾಡಿದಾರೆ." ಹೀಗೆ ಹೇಳಿ ಚೀಟಿ ಬರೆದರು. ಮೂರನೇ ದಿನ ಸಂಜೆ ಗೇಟು ಹಾಕುವುದರೊಳಗೆ ಮಂಚದ ಜೊತೆ ದಾಕ್ಷಿ ವಾಪಸು ಹೋಗಬೇಕು. ಎಲ್ಲಿಗೆ ಹೋಗಬೇಕು? ಅವಳಿಗೆ ಅಲ್ಲಿ ಒಂದು ಗೇಣು ನೆರಳೂ ಉಳಿದಿರಲಿಲ್ಲ.

ತಲೆಕೆಳಗಿನ ಕಾಲು ಅಂದರೆ ಏನೆಂದು ಹೇಳಬೇಕು. ಮರ ಹೇಗೆ ಬೆಳೆದಿತ್ತೋ ಕಾಲೂ ಹಾಗೆಯೇ ನಿಲ್ಲಬೇಕು: ಬುಡ ಕೆಳಗೆ, ತುದಿ ಮೇಲೆ. ಸಾಮಾನಿನ ದಿಕ್ಕೆಲ್ಲ ಅದರ ಕಾಲಿನಲ್ಲಿರುತ್ತದೆ. ತಲೆಕೆಳಗೆ ಕೂರಿಸಿದರೆ ಅದು ತನ್ನ ನೆಲದ ಕಡೆ ತಿರುಗುವ ಬದಲು ನೆಲಕ್ಕೆ ಬೆನ್ನು ಹಾಕುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಸುಂಕದ ಕಟ್ಟೆಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ, ಊರಿನ ಬಡಗಿಗಳ ಗುರುತೆಲ್ಲ ಅದರ ಮೇಲಿದೆ. ಈ ತಪ್ಪು ಮಾಡಿದವನ ಗುರುತನ್ನು ಉಳಿ ಹಿಡಿದು ಕೆತ್ತಿ ತೆಗೆಯುತ್ತೇವೆ. ಅಲ್ಲಿಂದ ಮುಂದೆ ಅವನು ಮಾಡಿದ ಒಂದು ಮಣೆಯೂ ಗೇಟು ದಾಟುವಂತಿಲ್ಲ. ಮೌನೇಶಿಯ ಗುರುತನ್ನು ಕೆತ್ತಿ ತೆಗೆದವನು ನಾನು. ಒಂಬತ್ತು ವರ್ಷದ ಹಿಂದೆ, ಹೆಂಡತಿಗೆ ಕಾಯಿಲೆಯಾಗಿದ್ದ ದಿನಗಳಲ್ಲಿ, ಅವನು ಒಂದು ಕುರ್ಚಿಯ ಹಿಂಗಾಲನ್ನು ಗಮನವಿಲ್ಲದೆ ತಿರುವು ಮುರುವು ಕೂರಿಸಿದ್ದ. ಅವನು ಅಳುತ್ತ ನಿಂತಿದ್ದಾಗ ನಾನು ಎಲ್ಲರಿಗೂ ಕೇಳುವಂತೆ ಭಾಷಣ ಬೇರೆ ಮಾಡಿದ್ದೆ. ಆಮೇಲೆ ಅವನು ಹೊಟ್ಟೆಪಾಡಿಗೆ ತೊಟ್ಟಿಯ ಕೆಲಸಕ್ಕೆ ಸೇರಿಕೊಂಡ.

ಎರಡನೇ ದಿನ ಬಡಗಿ ಬೀದಿಯವರನ್ನೆಲ್ಲ ಕಟ್ಟಿಕೊಂಡು ಸುಂಕದ ಕಟ್ಟೆಗೆ ನುಗ್ಗಿದೆ. ಮೇಜು ಗುದ್ದಿದೆ. "ಮನುಷ್ಯರನ್ನ ಮಂಚದಿಂದ ಅಳೀತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಮಂಚ ತನ್ನಿ ನೋಡೋಣ, ಯಾವ ಕಡೆ ತಿರುಗುತ್ತೋ! ನೀವು ಕೂತಿರೋ ಈ ಕುರ್ಚೀನೂ ಪರದೇಶದ್ದೇ ಅಲ್ವೇನ್ರೀ?" ಎಂದು ಕೂಗಾಡಿದೆ. ನಿಜವಾಗಿಯೂ ಅವರ ಕುರ್ಚಿ ಪೂರ್ವಕ್ಕೆ ತಿರುಗಿಕೊಂಡಿತ್ತು. ಕುತ್ತಿಗೆ ಹೊರಳಿಸಿಕೊಂಡೇ ಅವರು ನನ್ನ ಜೊತೆ ಮಾತಾಡುತ್ತಿದ್ದರು. ನನ್ನ ಹಿಂದೆ ನಿಂತವರು "ಹೌದು, ಹೌದು" ಅಂದರು. ಗುರುಸಿದ್ಧಯ್ಯ ನನಗೆ ಚಹಾ ತರಿಸಿದರು. "ನಿಮ್ಮ ಸಂಕಟ ಅರ್ಥ ಆಗುತ್ತೆ ಆಚಾರ್ರೇ. ಮಾಡಿದವರೇ ಬಂದು ಕಾಲು ತಲೆಕೆಳಗಿದೆ ಅಂತ ಒಪ್ಪಿಕೊಂಡ್ರೆ ಬಿಚ್ಚಿಸಬಹುದು, ಅದೊಂದೇ ದಾರಿ. ನಿಮ್ಮ ವಿಷಯದಲ್ಲಿ ಆ ಮಾತೇ ಬರಲ್ವಲ್ಲ" ಅಂದರು, ಅದೂ ಎಂಥ ಮರ್ಯಾದೆಯಿಂದ! ಚಹಾವನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಬಾಗಿಲ ಹತ್ತಿರ ಮೌನೇಶಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ. ಅವನ ನೋಟ ಕಂಡು ಇನ್ನಷ್ಟು ಉರಿಯಿತು.

ಮನೆಗೆ ಬಂದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. "ಬೈದ್ರೆ ಮಂಚ ತಿರುಗುತ್ತಾ? ಸಾಕು ಮಾಡಿ" ಅಂದಳು ಗಿರಿಜೆ. ದಾಕ್ಷಿ ಹಿತ್ತಿಲ ಬಾಗಿಲಲ್ಲಿ ಕೂತು ಹೊನ್ನೆಯ ಬೊಡ್ಡೆಯನ್ನು ನೋಡುತ್ತಿದ್ದಳು.

"ಬಿಡು ಅಣ್ಣ. ಅಧಿಕಾರಿಗಳದ್ದೇನೂ ತಪ್ಪಿಲ್ಲ. ಅದು ಮೊದಲಿಂದ್ಲೂ ಹಂಗೇ" ಅಂದಳು.

"ಏನು ಹಂಗೇ?"

"ಅಲ್ಲಿ ನಮ್ಮ ಸಾಲಿನಲ್ಲಿ ಈ ಊರಿಂದ ಹೋದ ಸೊಸೇರು ನಾಕು ಜನ ಇದ್ವಿ. ಅವರೆಲ್ಲರ ಮಂಚಾನೂ ಬೆಳಗಾಗೋ ಅಷ್ಟರಲ್ಲಿ ತವರಿನ ಕಡೆ ತಿರುಗಿರೋದು. ನಂದೊಂದೇ ತವರಿಗೆ ಬೆನ್ನು. ಅತ್ತೆಗೆ ಖುಷಿಯೋ ಖುಷಿ, ನಮ್ಮನೆ ಸೊಸೆ ಈ ಮನೆಗೇ ಹೊಂದ್ಕೊಂಡ್ಳು ಅಂತ ಬಂದವರಿಗೆಲ್ಲ ಕರೆದು ತೋರಿಸೋರು. ನಂಗೆ ಮಾತ್ರ ಗೊತ್ತಾಯ್ತು. ಅಣ್ಣನ ಮನಸಲ್ಲಿ ನಾನಿಲ್ಲ, ಅದಕ್ಕೇ ಅಣ್ಣನ ಕೈಯ ಮರಾನೂ ಆ ಕಡೆ ನೋಡಲ್ಲ ಅಂತ. ಅದಕ್ಕೇ ನಾನು ಬರಲಿಲ್ಲ. ಅಮ್ಮ ಹೋದಾಗ್ಲೂ ಗೇಟಿನ ತನಕ ಬಂದು, ಧೈರ್ಯ ಸಾಲದೆ ವಾಪಸು ಹೋದೆ."

ಈಗ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನಾಗಬೇಕಾಗಿದೆ. ಆ ಕಾಲುಗಳನ್ನು ತಲೆಕೆಳಗೆ ಕೂರಿಸಿದವನು ನಾನೇ. ಕೈತಪ್ಪಿ ಅಲ್ಲ, ಬೇಕೆಂದೇ. ಲಾರಿಯವನ ಜೊತೆ ಹೋಗುತ್ತೇನೆಂದು ಅವಳು ಹಟ ಹಿಡಿದಾಗ ನನ್ನ ಮಾನ ಹೋದಂತೆ ಆಗಿತ್ತು. ‘ಎಷ್ಟೆಂದರೂ ಹುಡುಗಿ, ಮಂಚ ಇಲ್ಲದೆ ಕಳಿಸಬೇಡ’ ಎಂದು ಅಮ್ಮ ಅತ್ತಳು. ಸರಿ, ಮಾಡಿದೆ. ಒಳ್ಳೆಯ ಮಂಚವನ್ನೇ ಮಾಡಿದೆ. ಕಾಲು ಕೂರಿಸುವ ದಿನ ಬುಡ ಯಾವುದು ತುದಿ ಯಾವುದು ನೋಡಿಕೊಂಡು, ಬುಡವನ್ನು ಮೇಲೆ ಮಾಡಿ ಬೆಣೆ ಹೊಡೆದೆ. ಹೋಗುವವಳು ಹೋಗಲಿ, ಅಲ್ಲಿ ಕೂತು ನಮ್ಮ ಕಡೆ ನೋಡುವುದು ಬೇಡ ಎಂದುಕೊಂಡೆ. ಇಷ್ಟು ಮಾಡಿ ಕೈ ತೊಳೆದುಕೊಂಡು ಊಟಕ್ಕೆ ಕೂತೆ. ಆಮೇಲೆ ವರ್ಷಗಟ್ಟಲೆ ‘ನೋಡಿದಿರಾ, ಹೋದವಳು ತಿರುಗಿ ನೋಡಲಿಲ್ಲ’ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ಮೌನೇಶಿಯ ಗುರುತು ಕೆತ್ತಿ ಭಾಷಣ ಮಾಡಿದ ದಿನ ಇದು ನನಗೆ ನೆನಪಿರಲಿಲ್ಲವೇ? ಇತ್ತು. ಚೆನ್ನಾಗಿ ನೆನಪಿತ್ತು. ಅದಕ್ಕೇ ಗಂಟಲು ಅಷ್ಟು ಜೋರಾಗಿತ್ತು. ಮೊನ್ನೆ ತೊಟ್ಟಿಯ ಹತ್ತಿರ ಎದೆಯುಬ್ಬಿಸಿಕೊಂಡು ನಿಂತದ್ದೂ ಇದನ್ನು ಮುಚ್ಚಿಕೊಳ್ಳಲಿಕ್ಕೇ. ನನ್ನಂಥ ನೀಚನನ್ನು ನಾನು ಬೇರೆ ನೋಡಿಲ್ಲ.

ಮೂರನೇ ದಿನ ಬೆಳಗ್ಗೆ ಉಳಿ, ಗರಗಸ ಚೀಲಕ್ಕೆ ಹಾಕಿಕೊಂಡು, ದಾಕ್ಷಿಯನ್ನೂ ಕರೆದುಕೊಂಡು ಸುಂಕದ ಕಟ್ಟೆಗೆ ಹೋದೆ. ದಿಮ್ಮಿ ಬಿಡಿಸಿಕೊಳ್ಳಲು ಬಂದ ವ್ಯಾಪಾರಿಗಳು, ಬಡಗಿ ಬೀದಿಯವರು, ಎಲ್ಲರೂ ಇದ್ದರು. ಅವರ ಎದುರಿಗೇ ಹೇಳಿದೆ. "ಸಾಹೇಬ್ರೇ, ಕಾಲು ತಲೆಕೆಳಗಿದೆ. ಬಿಚ್ಚಿಸಿ. ಕೂರಿಸಿದವನು ನಾನು."

ಗುರುಸಿದ್ಧಯ್ಯ ನಕ್ಕರು. "ತಂಗಿ ಉಳೀಲಿ ಅಂತ ಸುಳ್ಳು ಹೇಳಬೇಡಿ ಆಚಾರ್ರೇ. ನಿಮ್ಮ ಹೆಸರು ನೀವೇ ಹಾಳು ಮಾಡ್ಕೋಬೇಡಿ."

ನೋಡಿ ಕರ್ಮ! ಹುಟ್ಟಿದಾಗಿಂದ ಒಂದು ಸಲ ಪೂರ್ತಿ ನಿಜ ಹೇಳಿದರೆ ಅದನ್ನು ನಂಬುವವರಿಲ್ಲ. "ಸುಳ್ಳಲ್ಲ ಕಣ್ರೀ!" ಎಂದು ಕಿರುಚಿದೆ. ಆಗ ಮೌನೇಶಿ ಒಳಗಿನಿಂದ ಮರದ ಕೊಡತಿ ತಂದು ನನ್ನ ಮುಂದೆ ಹಿಡಿದ.

"ನಿಜ ಸಾಹೇಬ್ರೇ. ಬಂದ ದಿನಾನೇ ನಾನು ಕಾಲು ತಟ್ಟಿ ನೋಡಿದೀನಿ, ಬುಡದ ಸದ್ದು ಮೇಲಿಂದ ಬರುತ್ತೆ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಇವರೇ ಹೇಳ್ತಾರೋ ಇಲ್ವೋ ನೋಡೋಣ ಅಂತ ಸುಮ್ಮನಿದ್ದೆ" ಅಂದ.

ಅವನ ಕೈಯಿಂದ ಕೊಡತಿ ತೆಗೆದುಕೊಂಡು ಬೆಣೆ ಬಿಚ್ಚಿದೆ. ಮೊದಲನೇ ಕಾಲು ಹೊರಗೆ ಬಂತು. ಚೌಕಟ್ಟಿನೊಳಗೆ ಇಪ್ಪತ್ತೆರಡು ವರ್ಷ ಅಡಗಿದ್ದ ಮೇಲಿನ ಕೊನೆಯಲ್ಲಿ ಬುಡದ ನಾರು ನಿಚ್ಚಳವಾಗಿ ಕಾಣುತ್ತಿತ್ತು. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಬಡಗಿ ಬೀದಿಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಬೇಕೂಂತಲೇನಾ ಅಣ್ಣ?" ದಾಕ್ಷಿ ಕೇಳಿದಳು.

"ಬೇಕೂಂತಲೇ."

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತು ನೀರು ನೋಡತೊಡಗಿದಳು. ಅತ್ತಿದ್ದರೆ, ಬೈದಿದ್ದರೆ, ಚಪ್ಪಲಿಯಲ್ಲಿ ಹೊಡೆದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಗುರುಸಿದ್ಧಯ್ಯನವರ ಕಾನೂನು ಅಲ್ಲಿಗೂ ಮುಗಿಯಲಿಲ್ಲ. ಕಾಲು ತಪ್ಪಾಗಿತ್ತೆಂದು ಕಂಡದ್ದು ಸಾಲದು, ಸರಿಯಾಗಿ ಕೂರಿಸಿದ ಮಂಚವನ್ನು ತೊಟ್ಟಿಯಲ್ಲಿ ಬಿಟ್ಟು ನೋಡಬೇಕು, ಅದೂ ಗೇಟು ಹಾಕುವುದರೊಳಗೆ. ಸವೆದ ತುದಿಯನ್ನು ಕೊಯ್ದು, ಚೌಕಟ್ಟಿನ ತೂತಿಗೆ ಕೂರುವಂತೆ ಹೊಸದಾಗಿ ಕೆತ್ತಬೇಕು. ಹೊನ್ನೆ ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡನೇ ಕಾಲು ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು, ನನ್ನ ಅರವತ್ತೊಂದರ ಕೈಯಲ್ಲಿ ಉಳಿ ಜಾರತೊಡಗಿತ್ತು. ಬೀದಿಯವರು ಯಾರೂ ಹತ್ತಿರ ಬರಲಿಲ್ಲ. ಮೌನೇಶಿ ತೊಟ್ಟಿಯ ಕೆಲಸ ಬಿಟ್ಟು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಚೀಲದಿಂದ ಉಳಿ ತೆಗೆದುಕೊಂಡ.

"ನಿಮ್ಮ ಮೇಲಿನ ಪ್ರೀತಿಗೆ ಅಂದ್ಕೋಬೇಡಿ ಆಚಾರ್ರೇ. ಆ ತಾಯಿಗೋಸ್ಕರ" ಅಂದ. ಒಂಬತ್ತು ವರ್ಷದಿಂದ ಉಳಿ ಮುಟ್ಟದವನ ಕೈ ನನ್ನ ಕೈಗಿಂತ ನೇರವಾಗಿ ಓಡುತ್ತಿತ್ತು. ಉಳಿದೆರಡು ಕಾಲು ಅವನೇ ಕೆತ್ತಿದ.

ಗೇಟಿನವನು ಬೀಗದ ಕೈ ಹಿಡಿದು ನಿಂತಿದ್ದಾಗ ಮಂಚ ನೀರಿಗಿಳಿಯಿತು. ಪೂರ್ವದಿಂದ ಮೆಲ್ಲಗೆ ಹೊರಳಿತು, ಉತ್ತರ ದಾಟಿತು, ನಮ್ಮ ಮನೆಯ ಕಡೆಗೆ ಮುಖ ಮಾಡಿ ನಿಂತಿತು. ಮೂರು ಸಲ ಬಿಟ್ಟರೂ ಮೂರು ಸಲವೂ ಅಲ್ಲೇ ನಿಂತಿತು. ‘ಸ್ವದೇಶದ್ದು’ ಎಂದು ಗುರುಸಿದ್ಧಯ್ಯ ಮುದ್ರೆ ಒತ್ತಿದರು. ಆಮೇಲೆ ಆಗಬೇಕಾದ ಕೆಲಸ ಇನ್ನೊಂದಿತ್ತು. ಕಲ್ಲಿನ ಮೇಲಿನ ನನ್ನ ಮೂರೆಲೆಯನ್ನು ತೆಗೆಯಲು ಅವರು ಮೌನೇಶಿಗೆ ಹೇಳಿದರು. ಅವನು ಒಲ್ಲೆ ಅಂದ. ನಾನೇ ಕೆತ್ತಿ ತೆಗೆದೆ. ಅದರ ಪಕ್ಕದಲ್ಲೇ ಮೌನೇಶಿಯ ಗುರುತಿದ್ದ ಜಾಗ ಒಂಬತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಸಾಹೇಬರನ್ನು ಕೇಳದೆ, ಯಾರನ್ನೂ ಕೇಳದೆ, ಅವನ ಗುರುತನ್ನು ಅಲ್ಲಿ ಮತ್ತೆ ಕೆತ್ತಿದೆ. ತಡೆಯಲು ಒಬ್ಬರಾದರೂ ಬರಲಿ ನೋಡೋಣ ಎಂದುಕೊಂಡೇ ಕೆತ್ತಿದೆ. ಯಾರೂ ಬರಲಿಲ್ಲ.

ಮಂಚವನ್ನು ಮನೆಗೆ ತಂದು ನಡುಮನೆಯಲ್ಲಿ ಇಳಿಸಿದೆವು. ಮೊದಲಿಗಿಂತ ಕುಳ್ಳಾಗಿತ್ತು. ಗಿರಿಜೆ ದೀಪ ಹಚ್ಚುತ್ತಿದ್ದಳು. ಮಂಚ ತನ್ನಷ್ಟಕ್ಕೆ ಹಿತ್ತಿಲ ಬೊಡ್ಡೆಯ ಕಡೆಗೆ ಮುಖ ಮಾಡಿ ನಿಂತಿತ್ತು. ದಾಕ್ಷಿ ತಲೆಯ ಕಡೆಯ ಎಡಮೂಲೆಗೆ ಹೋಗಿ, ಆ ನುಣ್ಣನೆಯ ಗುಳಿಯಲ್ಲಿ ಕೈ ಇಟ್ಟಳು.

"ಆ ಕಡೆ ಹಿಡಿ ಅಣ್ಣ."

"ಯಾಕೆ? ಸರಿಯಾಗೇ ನಿಂತಿದೆಯಲ್ಲ."

"ಅಲ್ಲಿ ದಿನಾ ಸಂಜೆ ಇದನ್ನ ಈ ಊರಿನ ಕಡೆ ತಿರುಗಿಸ್ಕೊಂಡೇ ನಾನು ಮಲಗ್ತಿದ್ದೆ. ಬೆಳಗ್ಗೆ ನೋಡಿದ್ರೆ ಮತ್ತೆ ಬೆನ್ನು. ಸಂಜೆ ಮತ್ತೆ ತಿರುಗಿಸೋದು. ಒಬ್ಬಳ ಕೈಲಿ ಆಗ್ತಿರಲಿಲ್ಲ, ಆ ಮೂಲೆ ಅವರು ಹಿಡೀತಿದ್ರು. ಲಾರಿ ಓಡಿಸಿ ಎಷ್ಟು ಸುಸ್ತಾಗಿ ಬಂದಿದ್ರೂ ಸರಿ, ‘ಬಾ ದಾಕ್ಷಿ, ನಿಮ್ಮಣ್ಣನ ಕಡೆಗೆ ತಿರುಗಿಸೋಣ’ ಅಂತ ಅವರೇ ಕರೀತಿದ್ರು. ಇಪ್ಪತ್ತೆರಡು ವರ್ಷ, ಒಂದು ದಿನಾನೂ ಬೇಡ ಅನ್ನಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಅವರು ಆ ಕಡೆ ಇದಾರೆ. ತಿರುಗಿಸಬೇಕು, ಹಿಡಿ."

ಕಾಲ ಕಡೆಯ ಬಲಮೂಲೆಗೆ ಹೋಗಿ ಬಗ್ಗಿದೆ. ತಿಪ್ಪಣ್ಣನ ಹೆಬ್ಬೆರಳು ಸವೆಸಿದ ಗುಳಿಯೊಳಗೆ ನನ್ನ ಹೆಬ್ಬೆರಳು ಇಳಿಯಿತು. ಇಬ್ಬರೂ ಎತ್ತಿ ಮಂಚವನ್ನು ಪೂರ್ವಕ್ಕೆ ತಿರುಗಿಸಿದೆವು. ಬೆಳಗ್ಗೆ ಅದು ಮತ್ತೆ ಹಿತ್ತಿಲ ಕಡೆಗೇ ತಿರುಗಿರುತ್ತದೆ. ಸಂಜೆಯಾದರೆ ಅವಳು ಕರೆಯುವ ಮೊದಲೇ ಹೋಗಿ ನಾನು ತಿಪ್ಪಣ್ಣನ ಮೂಲೆ ಹಿಡಿದುಕೊಂಡು ನಿಂತಿರುತ್ತೇನೆ.